ಔರಾದದ ತೊಗರಿ, ನಮ್ಮ ದಾಲ್ಚ: ನಡುವಿನ ಲೆಕ್ಕ ಯಾರ ಕೈಯಲ್ಲಿ?

ಮದುವೆ ಮನೆಯಲ್ಲಿ ತುಪ್ಪದ ಅನ್ನದ ಜೊತೆ ದಾಲ್ಚ ಬಡಿಸುವಾಗ ಈ ಬೇಳೆ ಎಲ್ಲಿಂದ ಬಂತು ಅಂತ ನಾವು ಯಾರೂ ಕೇಳುವುದಿಲ್ಲ. ಕೇಳಿದರೂ ಅಡುಗೆಯವರು ‘ಬಂದರಿನಿಂದ ತಂದದ್ದು’ ಎನ್ನುತ್ತಾರೆ. ಬಂದರಿನ ಸಗಟು ಅಂಗಡಿಯವರು ‘ಗುಲ್ಬರ್ಗ ಕಡೆಯ ಮಾಲು’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ‘ಗುಲ್ಬರ್ಗ ಕಡೆ’ ಎಂಬ ಎರಡು ಪದದೊಳಗೆ ಎಷ್ಟು ಊರು, ಎಷ್ಟು ಕೈ, ಎಷ್ಟು ಲೆಕ್ಕ ಅಡಗಿದೆ ಎಂದು ನೋಡುವ ಗೋಜಿಗೆ ನಾವು ಹೋಗುವುದಿಲ್ಲ.

ಆದರೆ ನೋಡಬೇಕು. ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎನ್ನುವವರಿದ್ದಾರೆ. ನಮ್ಮಲ್ಲಿ ಸಗಟು ಅಂಗಡಿ ನಡೆಸುವವರಿದ್ದಾರೆ, ಒಂದೋ ಎರಡೋ ಲಾರಿ ಇಟ್ಟುಕೊಂಡು ಬದುಕುವವರಿದ್ದಾರೆ, ಅದೇ ಲಾರಿಯ ಸ್ಟೇರಿಂಗ್ ಹಿಡಿದವರಿದ್ದಾರೆ, ಗಲ್ಫ್‌ನ ಗೋದಾಮುಗಳಲ್ಲಿ ಸರಕಿನ ಲೆಕ್ಕ ಬರೆಯುವ ಮಕ್ಕಳೂ ಇದ್ದಾರೆ. ಇವರೆಲ್ಲರ ಕೆಲಸವನ್ನು ಇವತ್ತು ದೂರದಲ್ಲಿ ಕುಳಿತ ಇನ್ಯಾರೋ ‘ಕೋಆರ್ಡಿನೇಟ್’ ಮಾಡುತ್ತಿದ್ದಾರೆ. ಮಾಲು ಯಾರದ್ದೋ, ಲಾರಿ ಯಾರದ್ದೋ, ಗೋದಾಮು ಯಾರದ್ದೋ. ಎಲ್ಲವನ್ನೂ ಜೋಡಿಸುವ ಕೆಲಸ ಮಾತ್ರ ಹೊರಗುತ್ತಿಗೆಯ ಕಂಪೆನಿಯದ್ದು. ಇದು ಹೊಸ ಕಾಲದ ಸಂಗತಿ ಅಂತ ನಾವಂದುಕೊಂಡಿದ್ದೇವೆ. ನಿಜವಾಗಿ ಇದು ಎಷ್ಟು ಹಳೆಯದು ಎಂದು ತಿಳಿಯಲು ಔರಾದದ ಕಡೆ ಒಮ್ಮೆ ನೋಡಿದರೆ ಸಾಕು.

ನಾಲ್ಕು ಭಾಷೆಯ ಪೇಟೆ

ಬೀದರ್ ಜಿಲ್ಲೆಯ ಔರಾದ ಕರ್ನಾಟಕದ ಉತ್ತರದ ಕಟ್ಟಕಡೆಯ ತಾಲೂಕು. ನಮ್ಮ ಮಂಗಳೂರಿನಿಂದ ರಸ್ತೆಯಲ್ಲಿ ಏಳು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಲ್ಲಿ ತೆಲಂಗಾಣ. ಪೇಟೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಓಡುತ್ತವೆ. ಒಂದೇ ವ್ಯವಹಾರ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಚೌಕಾಸಿಯಾಗಿ ಉರ್ದುವಿನಲ್ಲಿ ಮುಗಿಯುವುದು ಅಲ್ಲಿ ವಿಶೇಷವೇನಲ್ಲ.

ಮುಂಗಾರಿಗೆ ಹೆಸರು, ಉದ್ದು, ಸೋಯಾ, ತೊಗರಿ. ಹಿಂಗಾರಿಗೆ ಕಡಲೆ, ಜೋಳ. ಇವುಗಳಲ್ಲಿ ತೊಗರಿ ನಿಧಾನದ ಬೆಳೆ. ಜೂನ್-ಜುಲೈಯಲ್ಲಿ ಬಿತ್ತಿದರೆ ರಾಶಿಯಾಗಿ ಚೀಲಕ್ಕೆ ಬೀಳುವುದು ಡಿಸೆಂಬರ್-ಜನವರಿಗೆ. ಅಷ್ಟು ತಿಂಗಳು ರೈತ ಸಾಲದ ಮೇಲೆ ಬದುಕಬೇಕು.

ಔರಾದ ಪಟ್ಟಣಕ್ಕೆ ರೈಲಿಲ್ಲ. ಹಳಿ ಇರುವುದು ಬೀದರ್, ಭಾಲ್ಕಿ, ಕಮಲನಗರದ ಮೂಲಕ ಉದಗೀರ್, ಲಾತೂರ್ ಕಡೆಗೆ. ಬೀದರ್-ಕಲಬುರಗಿ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬೀದರಿನಿಂದ ಪಕ್ಕದ ಜಿಲ್ಲೆಗೆ ರೈಲಿನಲ್ಲಿ ಹೋಗಬೇಕೆಂದರೆ ತೆಲಂಗಾಣ ಸುತ್ತಿಕೊಂಡು ಹೋಗಬೇಕಿತ್ತು. ಹಾಗಾಗಿ ಔರಾದದ ರೈತನಿಗೆ ಬೆಂಗಳೂರಿಗಿಂತ ಉದಗೀರ್, ಲಾತೂರ್, ಹೈದರಾಬಾದ್ ಹತ್ತಿರ. ‘ಇವತ್ತ ಭಾವ ಏನದ್ರಿ?’ ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಲಾತೂರಿನ ಭಾವವೂ ಹೌದು.

ಇಷ್ಟು ಪೇಟೆಗಳು, ಇಷ್ಟು ಗಡಿಗಳು, ಇಷ್ಟು ಭಾಷೆಗಳು. ಐದು ಎಕರೆಯ ರೈತ ಇದನ್ನೆಲ್ಲ ತಾನೇ ನಿಭಾಯಿಸುವುದು ಸಾಧ್ಯವೇ? ಸಾಧ್ಯವಿಲ್ಲ. ಅದಕ್ಕೇ ಅವನು ತಲೆಮಾರುಗಳ ಹಿಂದೆಯೇ ಈ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿದ. ಆ ಇನ್ನೊಬ್ಬನೇ ಅಡತಿ.

ಅಡತ್ ಅಂಗಡಿ ಏನು ಮಾಡುತ್ತದೆ

ದಲ್ಲಾಳಿ ಅಂದ ಕೂಡಲೇ ಮೂಗು ಮುರಿಯುವುದು ಸುಲಭ. ಆದರೆ ಅಡತ್ ಅಂಗಡಿಯವನು ಮಾಡುವ ಕೆಲಸದ ಪಟ್ಟಿ ನೋಡಿ. ಬಿತ್ತನೆಗೆ ಮುಂಚೆ ಬೀಜ-ಗೊಬ್ಬರಕ್ಕೆ ಉದ್ರಿ ಕೊಡುತ್ತಾನೆ. ರಾಶಿಯ ಹೊತ್ತಿಗೆ ಖಾಲಿ ಗೋಣಿಚೀಲ ಕಳುಹಿಸುತ್ತಾನೆ. ಗಾಡಿ ಗೊತ್ತುಮಾಡುತ್ತಾನೆ. ಮಾರುಕಟ್ಟೆಗೆ ಬಂದ ಮಾಲನ್ನು ಇಳಿಸಲು ಹಮಾಲರು, ಸ್ವಚ್ಛ ಮಾಡಲು ಹೆಣ್ಣಾಳುಗಳು, ತೂಗಲು ಕಾಟಾ, ಖರೀದಿಗೆ ಬೇಳೆ ಮಿಲ್ಲಿನವರು, ಎಲ್ಲರನ್ನೂ ಹೊಂದಿಸುತ್ತಾನೆ. ಮಿಲ್ಲಿನವನು ಹಣ ಕೊಡುವ ಮೊದಲೇ ರೈತನ ಕೈಗೆ ಒಂದಿಷ್ಟು ಇಡುತ್ತಾನೆ. ಮಗಳ ಮದುವೆಗೂ ಆಸ್ಪತ್ರೆಗೂ ರಾತ್ರಿ ಹೊತ್ತಲ್ಲಿ ಬಾಗಿಲು ತಟ್ಟಬಹುದಾದ ಮನೆಯೂ ಅದೇ. ಬ್ಯಾಂಕು ಅಷ್ಟು ಹೊತ್ತಿಗೆ ತೆರೆದಿರುತ್ತದಾ?

ಕೊನೆಯಲ್ಲಿ ಅಡತಿ ಕೊಡುವ ಕಾಗದಕ್ಕೆ ‘ಪಟ್ಟಿ’ ಎನ್ನುತ್ತಾರೆ. ಎಷ್ಟು ತೂಕ, ಯಾವ ದರ, ಏನೇನು ಕಡಿತ, ಕೈಗೆ ಎಷ್ಟು ಎಂಬುದು ಅದರಲ್ಲಿರಬೇಕು. ಕತೆಯ ಗಂಟು ಇರುವುದು ಇಲ್ಲಿಯೇ. ಕರ್ನಾಟಕದ ಎಪಿಎಂಸಿ ಕಾಯ್ದೆ ಪ್ರಕಾರ ದಲ್ಲಾಳಿಯ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ಆದರೂ ತೂಕದಲ್ಲಿ ‘ಸೂಟ್’ ಹಿಡಿಯುತ್ತಾರೆ, ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತಾರೆ ಎಂಬ ದೂರು ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ಇಂದಿಗೂ ಕೇಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 2025-26ನೇ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಹತ್ತು ಕ್ವಿಂಟಲ್ ತಂದ ರೈತನಿಂದ ಕ್ವಿಂಟಲಿಗೆ ಎರಡು ಕಿಲೋ ಸೂಟ್ ಹಿಡಿದರು ಅಂತಿಟ್ಟುಕೊಳ್ಳಿ. ಇಪ್ಪತ್ತು ಕಿಲೋ ಹೋಯಿತು. ಆ ದರದಲ್ಲಿ 1,600 ರೂಪಾಯಿ. ಪಟ್ಟಿಯಲ್ಲಿ ಅದು ‘ಕಡಿತ’ ಎಂದು ಕಾಣುವುದೇ ಇಲ್ಲ, ಯಾಕೆಂದರೆ ತೂಕವನ್ನೇ ಕಮ್ಮಿ ಬರೆದಿರುತ್ತಾರೆ. ಉದ್ರಿ ತಂದವನು ಅದನ್ನು ಪ್ರಶ್ನಿಸುವ ಧೈರ್ಯ ಮಾಡುವುದಿಲ್ಲ. ಎಲ್ಲ ಅಡತಿಗಳೂ ಹೀಗೇ ಎಂದು ನಾವು ಹೇಳುತ್ತಿಲ್ಲ. ಮಾತಿಗೆ ತಪ್ಪದೆ ಮೂರು ತಲೆಮಾರು ವ್ಯವಹಾರ ಮಾಡಿದ ಅಂಗಡಿಗಳೂ ಇವೆ. ಆದರೆ ರೈತನ ಪಾಲಿಗೆ ಒಳ್ಳೆಯ ಅಡತಿ ಸಿಗುವುದು ಅದೃಷ್ಟದ ಮಾತಾಗಿದೆ. ಕೆಲಸ ಒಪ್ಪಿಸಿದಾಗ ಅದರ ಜೊತೆಗೆ ಲೆಕ್ಕವನ್ನೂ ಒಪ್ಪಿಸಿಬಿಟ್ಟದ್ದರ ಫಲ ಇದು.

ಹಳೆಯ ಕೆಲಸ, ಹೊಸ ಹೆಸರು

ಈಗ ಕಂಪೆನಿಗಳ ಭಾಷೆಗೆ ಬರೋಣ. ತನ್ನ ಲಾರಿ, ತನ್ನ ಗೋದಾಮು ಇಟ್ಟುಕೊಂಡು ಬೇರೆಯವರ ಸರಕು ಸಾಗಿಸಿ ಕೊಡುವವರನ್ನು ‘ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್’, ಚಿಕ್ಕದಾಗಿ 3ಪಿಎಲ್ ಎನ್ನುತ್ತಾರೆ. ಅದಕ್ಕಿಂತ ಮೇಲೆ ಇನ್ನೊಂದು ಮೆಟ್ಟಿಲಿದೆ. ಲಾರಿಯೂ ಇಲ್ಲ, ಗೋದಾಮೂ ಇಲ್ಲ. ಇಂಥ ಹತ್ತಾರು 3ಪಿಎಲ್‌ಗಳನ್ನು, ಹಡಗು ಕಂಪೆನಿಗಳನ್ನು, ಕಸ್ಟಮ್ಸ್ ಏಜೆಂಟರನ್ನು ಜೋಡಿಸಿ ಮಾಲಿನ ಇಡೀ ಪ್ರಯಾಣವನ್ನು ಮಾಲೀಕನ ಪರವಾಗಿ ನಡೆಸಿಕೊಡುವವರು. ಇವರು 4ಪಿಎಲ್. ಈ ಹೆಸರನ್ನು 1996ರಲ್ಲಿ ಚಾಲ್ತಿಗೆ ತಂದದ್ದು ಆಂಡರ್ಸನ್ ಕನ್ಸಲ್ಟಿಂಗ್, ಅಂದರೆ ಈಗಿನ ಆಕ್ಸೆಂಚರ್ ಸಂಸ್ಥೆ. ಗಲ್ಫ್‌ನಲ್ಲಿರುವ ನಮ್ಮ ಹುಡುಗರಿಗೆ ಈ ಪದಗಳು ಹೊಸದಲ್ಲ.

ಸ್ವಂತ ಲಾರಿ ಇಲ್ಲದೆ, ಸ್ವಂತ ಮಿಲ್ಲು ಇಲ್ಲದೆ, ಫೋನು ಮತ್ತು ನಂಬಿಕೆಯ ಮೇಲೆ ಎಲ್ಲರನ್ನೂ ಜೋಡಿಸುವ ಔರಾದದ ಅಡತಿಯೂ ಹಾಗಾದರೆ ಯಾರು? ಅವನೂ 4ಪಿಎಲ್ಲೇ ಅಲ್ವಾ!

ಸರಕಾರವೂ ಈ ದಾರಿಯಲ್ಲೇ ನಡೆದಿದೆ. 2014ರಲ್ಲಿ ಕರ್ನಾಟಕ ಸರಕಾರ ಎಪಿಎಂಸಿಗಳ ವಹಿವಾಟನ್ನು ಕಂಪ್ಯೂಟರಿಗೆ ತರಲು ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬ ಕಂಪೆನಿ ಕಟ್ಟಿತು. ಅರ್ಧ ಪಾಲು ಸರಕಾರದ್ದು, ಇನ್ನರ್ಧ ಎನ್‌ಸಿಡಿಇಎಕ್ಸ್ ಬಳಗದ ಸ್ಪಾಟ್ ಎಕ್ಸ್‌ಚೇಂಜ್‌ನದ್ದು. ರೈತ ಮಾರುಕಟ್ಟೆಯ ಗೇಟಿಗೆ ಬಂದ ಕೂಡಲೇ ಅವನ ರಾಶಿಗೆ ಒಂದು ಲಾಟ್ ನಂಬರ್, ಖರೀದಿದಾರರಿಂದ ಆನ್‌ಲೈನ್ ಟೆಂಡರ್, ಗೆದ್ದ ದರ ಎಲ್ಲರಿಗೂ ಕಾಣುವಂತೆ ಪ್ರಕಟ, ಇದು ಅದರ ಕ್ರಮ. ಎರಡು ವರ್ಷದ ಬಳಿಕ, 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರ ದೇಶಕ್ಕೆಲ್ಲ ಇ-ನಾಮ್ ಆರಂಭಿಸಿತು. ಗಮನಿಸಬೇಕಾದ್ದು ಇದು: ನಿರ್ವಹಣೆಯನ್ನು ಕಂಪೆನಿಗೆ ಕೊಟ್ಟರೂ ಅರ್ಧ ಪಾಲನ್ನು ಸರಕಾರ ಕೈಯಲ್ಲೇ ಇಟ್ಟುಕೊಂಡಿತು.

ಬೆಂಬಲ ಬೆಲೆಯ ಖರೀದಿಯೂ ಇಂಥದ್ದೇ ಉದ್ದ ಸರಪಳಿ. ಕೇಂದ್ರದ ಪರವಾಗಿ ನಾಫೆಡ್, ಅದರ ಪರವಾಗಿ ರಾಜ್ಯದ ಸಹಕಾರ ಮಾರಾಟ ಮಹಾಮಂಡಳ, ಅದರ ಕೆಳಗೆ ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ರೈತ ‘ಫ್ರೂಟ್ಸ್’ ಸಂಖ್ಯೆ ಕೊಟ್ಟು ಹೆಸರು ನೋಂದಾಯಿಸಬೇಕು, ತೊಗರಿಯ ತೇವಾಂಶ ಶೇ. 12ಕ್ಕಿಂತ ಹೆಚ್ಚಿರಬಾರದು. ಗೋದಾಮಿನವರು ಮಾಲು ಒಪ್ಪಿಕೊಂಡ ಮೇಲೆಯೇ ಹಣದ ಕಡತ ಮುಂದಕ್ಕೆ ಹೋಗುತ್ತದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಸೂಟ್ ಕಾಟವಿಲ್ಲ. ಆದರೆ ಚೀಲ ಬರಲಿಲ್ಲ, ಗೋದಾಮು ತುಂಬಿದೆ, ಲಾರಿ ಸಿಗಲಿಲ್ಲ ಎಂದು ನಡುವೆ ಒಂದು ಕೊಂಡಿ ನಿಂತರೆ ಇಡೀ ಸಾಲು ನಿಲ್ಲುತ್ತದೆ. ಆಗ ಕೈಯಲ್ಲಿ ಕಾಸಿಲ್ಲದ ರೈತ ಮತ್ತೆ ಅಡತಿಯ ಅಂಗಡಿಗೇ ಬರುತ್ತಾನೆ. ಅಡತಿ ತಕ್ಷಣ ಹಣ ಕೊಡುತ್ತಾನೆ, ಅಷ್ಟೇ ವ್ಯತ್ಯಾಸ.

ಲಾರಿ ಹೊರಟ ಮೇಲೆ

ಮಿಲ್ಲಿನಲ್ಲಿ ಒಡೆದು ಬೇಳೆಯಾದ ಮೇಲೆ ಕತೆ ನಮ್ಮ ಕಡೆಗೆ ತಿರುಗುತ್ತದೆ. ನೂರು ಕಿಲೋ ತೊಗರಿಯಿಂದ ಮಿಲ್ಲಿನಲ್ಲಿ ಸಿಗುವ ಬೇಳೆ ಸುಮಾರು 70ರಿಂದ 75 ಕಿಲೋ. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ. ಬೇಳೆಯ ಚೀಲ ಲಾರಿ ಹತ್ತಿದಾಗ ರೈತನ ಜಾಗಕ್ಕೆ ಬರುವವರು ಲಾರಿಯವರು. ಔರಾದದ ರೈತ ಅಡತಿಯ ಎದುರು ಹೇಗೆ ನಿಲ್ಲುತ್ತಾನೋ, ನಮ್ಮ ಒಂದು ಲಾರಿಯ ಮಾಲೀಕ ಬುಕಿಂಗ್ ಆಫೀಸಿನ ಎದುರು ಹಾಗೆಯೇ ನಿಲ್ಲುತ್ತಾನೆ.

ನಮ್ಮ ಬಂಧುವೊಬ್ಬರ ಲಾರಿಯ ಕತೆ ಹೇಳುತ್ತೇವೆ. ಕಂಪೆನಿಯೊಂದರ ಮಾಲು ಹೊತ್ತು ಅದು ಗೋದಾಮಿನ ಎದುರು ಮೂರು ದಿನ ನಿಂತಿತು. ಮಾಲಿನ ಮಾಲೀಕ ಸಾಗಣೆಯನ್ನು ಒಂದು ಮ್ಯಾನೇಜ್‌ಮೆಂಟ್ ಕಂಪೆನಿಗೆ ಒಪ್ಪಿಸಿದ್ದ. ಆ ಕಂಪೆನಿ ಒಬ್ಬ ದೊಡ್ಡ ಟ್ರಾನ್ಸ್‌ಪೋರ್ಟರಿಗೆ ಕೊಟ್ಟಿತ್ತು. ಅವನು ಬ್ರೋಕರಿಗೆ ಹೇಳಿದ್ದ. ಬ್ರೋಕರ್ ಫೋನ್ ಮಾಡಿದ್ದು ನಮ್ಮವರಿಗೆ. ಪ್ರತಿ ಮೆಟ್ಟಿಲಿನಲ್ಲೂ ಬಾಡಿಗೆ ಒಂದಿಷ್ಟು ಕರಗಿತ್ತು. ಮೂರನೇ ದಿನ ಡ್ರೈವರ್ ಫೋನ್ ಮಾಡಿ, ‘ಕಾಕ, ನಾನೀಗ ಯಾರಿಗೆ ಫೋನ್ ಮಾಡ್ಬೇಕು ಹೇಳಿ’ ಎಂದ. ಬ್ರೋಕರ್ ಟ್ರಾನ್ಸ್‌ಪೋರ್ಟರ್ ಕಡೆ ಕೈ ತೋರಿಸಿದ. ಟ್ರಾನ್ಸ್‌ಪೋರ್ಟರ್ ಕಂಪೆನಿಯ ನಂಬರ್ ಕೊಟ್ಟ. ಆ ನಂಬರಿನಲ್ಲಿ ‘ನಿಮ್ಮ ದೂರು ದಾಖಲಾಗಿದೆ’ ಎಂಬ ಉತ್ತರ. ಮೂರು ದಿನದ ಹಾಲ್ಟಿಂಗ್ ಹಣ ಇಂದಿನವರೆಗೂ ಬಂದಿಲ್ಲ. ಎಲ್ಲಿಯೂ ಬರೆದಿರಲಿಲ್ಲ, ಹಾಗಾಗಿ ಕೇಳಲು ಕಾಗದವೂ ಇರಲಿಲ್ಲ.

ಇದು ಮೂರು ದಿನದ ಬಾಡಿಗೆಯ ಮಾತಾಯಿತು. ಮಳೆಯಲ್ಲಿ ಟರ್ಪಾಲು ಹರಿದು ಮಾಲು ನೆನೆದರೆ? ಲಾರಿ ಪಲ್ಟಿಯಾದರೆ? ಇದಕ್ಕೆ ಕಾನೂನು ಇದೆ. ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆ 2007, ಜಾರಿಗೆ ಬಂದದ್ದು 2011ರಲ್ಲಿ. ಅದರ ಪ್ರಕಾರ ‘ಸಾಗಣೆದಾರ’ ಅಂದರೆ ಲಾರಿಯವನು ಮಾತ್ರ ಅಲ್ಲ. ಬುಕಿಂಗ್ ಕಂಪೆನಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್ ಕೂಡ ಆ ಮಾತಿನೊಳಗೆ ಬರುತ್ತಾರೆ. ಅವರು ನೋಂದಣಿ ಮಾಡಿಸಿರಬೇಕು, ಮಾಲು ಪಡೆದದ್ದಕ್ಕೆ ರಶೀದಿ ಕೊಡಬೇಕು. ನಾವು ‘ಬಿಲ್ಟಿ’ ಎನ್ನುವುದು ಇದನ್ನೇ. ‘ನಾನು ಬರೀ ಬ್ರೋಕರ್, ನನಗೆ ಸಂಬಂಧ ಇಲ್ಲ’ ಎಂಬ ಮಾತಿಗೆ ಈ ಕಾಯ್ದೆಯಲ್ಲಿ ಅಷ್ಟು ಬೆಲೆಯಿಲ್ಲ.

ಅದೇ ಕಾಯ್ದೆಯಲ್ಲಿ ವ್ಯಾಪಾರಿಗಳು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಮಾಲಿನ ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಲೆಕ್ಕ ಹಾಕಿ: 18 ಟನ್ ಬೇಳೆ, 50 ಕಿಲೋದ 360 ಚೀಲ. ಕಿಲೋಗೆ 100 ರೂಪಾಯಿ ಅಂದರೂ 18 ಲಕ್ಷದ ಮಾಲು. ಬಾಡಿಗೆ 45,000 ಎಂದಿಟ್ಟುಕೊಂಡರೆ ಅದರ ಹತ್ತು ಪಟ್ಟು ನಾಲ್ಕೂವರೆ ಲಕ್ಷ. ಉಳಿದ ಹದಿಮೂರೂವರೆ ಲಕ್ಷ ಯಾರ ಮನೆಯದ್ದು? ಇನ್ಶೂರೆನ್ಸ್ ಮಾಡಿಸದ ಅಂಗಡಿಯವರ ಮನೆಯದ್ದೇ. ಮಾಲು ಹಾಳಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚುತ್ತದೆ. ಮಾತುಕತೆಯಲ್ಲಿ ಆರು ತಿಂಗಳು ಕಳೆಯುವುದು ನಮ್ಮಲ್ಲಿ ಏನೇನೂ ಕಷ್ಟವಲ್ಲ, ಅಲ್ವಾ?

ಬಾಡಿಗೆಗಾಗಿ ತಿಂಗಳುಗಟ್ಟಲೆ ಕಾಯುವ ಲಾರಿ ಮಾಲೀಕರಿಗೂ ಒಂದು ಮಾತು. ‘ಉದ್ಯಮ್’ ನೋಂದಣಿ ಮಾಡಿಸಿದ ಸಣ್ಣ ಸಾರಿಗೆ ಉದ್ಯಮಿಗೆ ಎಂಎಸ್‌ಎಂಇ ಕಾಯ್ದೆ 2006ರ ರಕ್ಷಣೆಯಿದೆ. ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ. ದೂರು ಕೊಡಲು ಸರಕಾರದ ವ್ಯವಸ್ಥೆಯೂ ಇದೆ. ನೋಂದಣಿಗೆ ಶುಲ್ಕವಿಲ್ಲ. ಆಧಾರ್, ಪಾನ್ ಹಿಡಿದು ಮೊಬೈಲಿನಲ್ಲೇ ಮಾಡಬಹುದು.

ಕುದುರೆ ವ್ಯಾಪಾರಿಯ ಅನುಭವ

ಬೀದರ್ ಸೀಮೆಗೆ ದೂರದ ವ್ಯಾಪಾರ ಹೊಸದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಅರಬ್ ಕಡೆಯ ಕುದುರೆಗಳು ಕಡಲು ದಾಟಿ ಕೊಂಕಣದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬೀದರಿಗೆ ಬರುತ್ತಿದ್ದವು. ಅಲ್ಲಿನ ಪ್ರಸಿದ್ಧ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಿಯಾಗಿ ಬಂದವನು. ಅವನಿಗೆ ಸಿಕ್ಕ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿನ ಅರ್ಥವೇ ವರ್ತಕರ ಒಡೆಯ. ಅವನು ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ.

ಅದೇ 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ಚೌಲ್ ಬಂದರಿನಲ್ಲಿ ಇಳಿದ. ಜುನ್ನಾರಿನಲ್ಲಿ ಅಲ್ಲಿಯ ಅಧಿಕಾರಿ ಕುದುರೆಯನ್ನು ಕಸಿದುಕೊಂಡ. ಆಗ ನೆರವಿಗೆ ಬಂದದ್ದು ಖೊರಾಸಾನದ ಒಬ್ಬ ವ್ಯಕ್ತಿ. ಅವನ ಮಾತಿನಿಂದ ಕುದುರೆ ವಾಪಸ್ ಸಿಕ್ಕಿತು. ನಿಕಿತಿನ್ ಅದನ್ನು ಬೀದರಿನಲ್ಲಿ ಮಾರಿದ. ಈ ಅನುಭವವನ್ನು ಅವನೇ ಬರೆದಿಟ್ಟಿದ್ದಾನೆ. ಭಾಷೆ ಗೊತ್ತಿಲ್ಲದ ದೇಶದಲ್ಲಿ ಅವನನ್ನು ಉಳಿಸಿದ್ದು ದಾರಿಯಲ್ಲಿ ಮುಖಾಮುಖಿ ಸಿಕ್ಕ ಒಬ್ಬ ಮನುಷ್ಯ. ಇವತ್ತಿನ ನಮ್ಮ ಡ್ರೈವರಿಗೆ ಕೈಯಲ್ಲಿ ಮೊಬೈಲ್ ಇದೆ, ಜಿಪಿಎಸ್ ಇದೆ, ಆದರೆ ಅಂಥ ಒಬ್ಬ ಮನುಷ್ಯನ ಹೆಸರು ಗೊತ್ತಿಲ್ಲ.

ಕೈಬಿಡಬಾರದ ಮೂರು

ಹಾಗಂತ ಎಲ್ಲವನ್ನೂ ನಾವೇ ಮಾಡಬೇಕು ಅಂತಲ್ಲ. ತೊಗರಿ ಇವತ್ತು ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದಲೂ ಹಡಗಿನಲ್ಲಿ ಬರುತ್ತದೆ. ಅಷ್ಟು ಉದ್ದದ ದಾರಿಯನ್ನು ಜೋಡಿಸಲು ಬಲ್ಲವರು ಬೇಕೇ ಬೇಕು. ಕೆಲಸವನ್ನು ಒಪ್ಪಿಸಿ, ತಪ್ಪಿಲ್ಲ. ಆದರೆ ಮೂರನ್ನು ಮಾತ್ರ ಕೈಯಲ್ಲೇ ಇಟ್ಟುಕೊಳ್ಳಬೇಕು ಎಂದು ಔರಾದದ ಪಟ್ಟಿಯೂ ನಮ್ಮ ಬಿಲ್ಟಿಯೂ ಹೇಳುತ್ತವೆ.

ಮೊದಲನೆಯದು ತೂಕ. ರೈತನಾಗಲಿ ಅಂಗಡಿಯವನಾಗಲಿ ತನ್ನ ಮಾಲಿನ ತೂಕವನ್ನು ಒಪ್ಪಿಸುವ ಮುಂಚೆ ತಾನೇ ಒಮ್ಮೆ ನೋಡಿರಬೇಕು. ಎರಡನೆಯದು ಕಾಗದ. ಮಾಲಿನ ಮೌಲ್ಯ, ಇಳಿಸುವ ದಿನ, ತಡವಾದರೆ ದಿನಕ್ಕೆಷ್ಟು ಹಾಲ್ಟಿಂಗ್, ಬ್ಯಾಲೆನ್ಸ್ ಹಣ ಯಾರು ಯಾವಾಗ ಕೊಡಬೇಕು, ಇಷ್ಟನ್ನು ಹೊರಡುವ ಮೊದಲೇ ಬರೆಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಬರೆದರೂ ಪರವಾಗಿಲ್ಲ, ಬಾಯಿಮಾತಿಗಿಂತ ಎಷ್ಟೋ ಮೇಲು. ಮೂರನೆಯದು ಆ ತುದಿಯ ಪರಿಚಯ. ನಾವು ಹೊರುವ ಮಾಲು ಯಾರದ್ದು, ಇಳಿಸಿಕೊಳ್ಳುವವರು ಯಾರು, ಅವರ ಫೋನ್ ನಂಬರ್ ಏನು ಎಂಬುದು ಬ್ರೋಕರನ ಡೈರಿಯಲ್ಲಿ ಮಾತ್ರ ಇದ್ದರೆ ಬಾಗಿಲಿನ ಬೀಗದಕೈ ಅವನ ಜೇಬಿನಲ್ಲಿದ್ದಂತೆ.

ಔರಾದದ ರೈತರಿಗೂ ಬೇರೆ ದಾರಿಗಳು ತೆರೆದಿವೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಘಗಳನ್ನು ಕಟ್ಟುವ ಯೋಜನೆ ಆರಂಭಿಸಿತು. ಹಲವು ರೈತರು ಸೇರಿದರೆ ಚೀಲ, ಗಾಡಿ, ಖರೀದಿದಾರ ಎಲ್ಲದರ ಜೋಡಣೆಯನ್ನು ತಮ್ಮದೇ ಸಂಘಕ್ಕೆ ಒಪ್ಪಿಸಬಹುದು, ಲೆಕ್ಕ ಕೇಳುವ ಹಕ್ಕೂ ಉಳಿಯುತ್ತದೆ. ಸರಕಾರದ ಗೋದಾಮು ಪ್ರಾಧಿಕಾರದಲ್ಲಿ ನೋಂದಾಯಿತ ಗೋದಾಮಿನಲ್ಲಿ ಮಾಲಿಟ್ಟರೆ ಸಿಗುವ ಎಲೆಕ್ಟ್ರಾನಿಕ್ ರಶೀದಿಯನ್ನು ಅಡವಿಟ್ಟು ಬ್ಯಾಂಕ್ ಸಾಲ ಪಡೆಯಬಹುದು. ಭಾವ ಬಿದ್ದ ದಿನವೇ ಮಾರಬೇಕೆಂದಿಲ್ಲ. ಇದನ್ನೇ ಕರಾವಳಿಯ ಒಂಟಿ ಲಾರಿ ಮಾಲೀಕರೂ ಯೋಚಿಸಬಹುದು. ಹತ್ತು ಲಾರಿಯವರು ಸೇರಿ ಓದು ಬಲ್ಲ ಒಬ್ಬ ಹುಡುಗನನ್ನು ಸಂಬಳಕ್ಕಿಟ್ಟು ತಮ್ಮದೇ ಬುಕಿಂಗ್ ಆಫೀಸು ತೆರೆದರೆ ಬೇಡ ಅನ್ನುವವರು ಯಾರು? ಗಲ್ಫ್‌ನಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಅವರನ್ನು ಕರೆದು ಕೇಳಿದ್ದೇವಾ?

ಇನ್ನೊಬ್ಬರ ಸರಕು ನಮ್ಮ ಕೈಯಲ್ಲಿ ಅಮಾನತ್ತು ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತು ಸರಕು ಹೊರುವವರಿಗೆ ಎಷ್ಟು ಅನ್ವಯಿಸುತ್ತದೋ ಹೊರಿಸುವವರಿಗೂ ಅಷ್ಟೇ. ಆ ಲಾರಿಯ ಡ್ರೈವರ್‌ನ ಮೂರು ದಿನವೂ, ಔರಾದದ ರೈತನ ಇಪ್ಪತ್ತು ಕಿಲೋ ತೊಗರಿಯೂ ಯಾರದ್ದೋ ಕೈಯಲ್ಲಿದ್ದ ಅಮಾನತ್ತೇ ಆಗಿತ್ತು.

ಈ ವಾರ ಮನೆಯಲ್ಲಿ ಲಾರಿ ಇರುವವರು ಒಂದು ಕೆಲಸ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟ ಕೊನೆಯ ಬಿಲ್ಟಿಯನ್ನು ತೆಗೆದು ಪೂರ್ತಿ ಓದಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನೂ ಓದಿ. ಅರ್ಥವಾಗದಿದ್ದರೆ ಕಾಲೇಜಿಗೆ ಹೋಗುವ ಮಗಳ ಕೈಯಲ್ಲಿ ಕೊಡಿ. ಅವಳು ಓದಿ ಹೇಳುತ್ತಾಳೆ. ಮುಂದಿನ ಲೋಡು ಹತ್ತಿಸುವುದು ಅದಾದ ಮೇಲೆ.